ಕಾಲ್ಬೆರಳ ಪರೀಕ್ಷೆ ಸಾಕು ಮಾಡಿ

ಪ್ರತಿ ವರ್ಷ ಜೂನ್ 21 ಬಂತೆಂದರೆ ನಮ್ಮ ಕಛೇರಿಗಳಿಗೆ ಯೋಗದ ನೆನಪಾಗುತ್ತದೆ. 2015ರಿಂದ ನಡೆದುಬಂದಿರುವ ಅಂತರರಾಷ್ಟ್ರೀಯ ಯೋಗ ದಿನದಂದು ಉದ್ಯೋಗಿಗಳು ಒಂದೇ ಬಣ್ಣದ ಟೀ ಶರ್ಟು ತೊಟ್ಟು ಸಾಲಾಗಿ ನಿಂತು, ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟಲು ಹೆಣಗುತ್ತಾರೆ. ಮುಟ್ಟಿದವನು ಆರೋಗ್ಯವಂತ, ಮುಟ್ಟಲಾಗದವನು ಸೋಮಾರಿ ಎಂಬ ತೀರ್ಪೂ ಅಲ್ಲಿಯೇ ಹೊರಬೀಳುತ್ತದೆ. ಈ ತೀರ್ಪನ್ನು ನಾನು ಒಪ್ಪಲಾರೆ. ವರ್ಷವಿಡೀ ಪಾಠ ಮಾಡದೆ ಪರೀಕ್ಷೆಯನ್ನು ಮಾತ್ರ ನಡೆಸಿ, ಫೇಲಾದದ್ದು ಹುಡುಗನ ತಪ್ಪೆನ್ನುವ ಶಾಲೆಯನ್ನು ಯಾರಾದರೂ ಶಾಲೆಯೆಂದು ಕರೆಯುತ್ತಾರೆಯೇ?

ತೊಡೆಯ ಹಿಂಭಾಗದಲ್ಲಿ ಮೂರು ಸ್ನಾಯುಗಳಿವೆ. ಹ್ಯಾಮ್‌ಸ್ಟ್ರಿಂಗ್ ಎಂಬುದು ಇವುಗಳ ಹೆಸರು. ಕುಳಿತಾಗ ಪೀಠಕ್ಕೆ ಊರುವ ಮೂಳೆಯಿಂದ ಹೊರಟು, ಮೊಣಕಾಲನ್ನು ದಾಟಿ, ಅದರ ಕೆಳಗಿನ ಎಲುಬುಗಳಿಗೆ ಇವು ಅಂಟಿಕೊಂಡಿವೆ. ಸೊಂಟ ಬಗ್ಗಿ, ಮೊಣಕಾಲು ನೇರವಾದಾಗ ಮಾತ್ರ ಪೂರ್ತಿ ಚಾಚಿಕೊಳ್ಳುತ್ತವೆ. ಕುರ್ಚಿಯಲ್ಲಾದರೋ ಮೊಣಕಾಲು ಮಡಚಿಯೇ ಇರುತ್ತದೆ. ಬಿಟಿಎಂ ಬಡಾವಣೆಯ ತರುಣನೊಬ್ಬ ಒಂಬತ್ತು ಗಂಟೆ ಕಂಪ್ಯೂಟರಿನ ಮುಂದೆ ಕುಳಿತು, ಮತ್ತೆರಡು ಗಂಟೆ ಸಿಲ್ಕ್ ಬೋರ್ಡಿನ ವಾಹನಗಳ ಸಾಲಿನಲ್ಲಿ ಕುಳಿತರೆ ಅವುಗಳಿಗೆ ಆ ಅವಕಾಶವೆಲ್ಲಿ? ಅಂಗಳದಲ್ಲಿ ನಿಂತಂತೆಯೇ ಬಗ್ಗಿ ರಂಗೋಲಿ ಇಡುತ್ತಿದ್ದ ನಮ್ಮ ತಾಯಂದಿರಿಗೆ ಅದು ಬೆಳಗಾಗುತ್ತಲೇ ದೊರೆಯುತ್ತಿತ್ತು. ಅದನ್ನು ಅವರಾರೂ ವ್ಯಾಯಾಮವೆಂದು ಕರೆಯಲಿಲ್ಲ.

2023ರಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರಲ್ಲಿ ಐಟಿ ವಲಯದ ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾಪವೂ ನಮ್ಮ ರಾಜ್ಯದಲ್ಲಿ ಕೇಳಿಬಂತು. ನೌಕರರ ಸಂಘ ವಿರೋಧಿಸಿತು. ಇಷ್ಟು ಗಂಟೆ ಕುಳಿತ ಮನುಷ್ಯನ ಬೆನ್ನು, ಕಾಲುಗಳ ಗತಿಯೇನೆಂಬುದನ್ನು ಮಾತ್ರ ಹೆಚ್ಚು ದುಡಿಮೆಯ ಪ್ರತಿಪಾದಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನಲವತ್ತು ದಾಟುವ ಮುನ್ನವೇ ಶೂ ಲೇಸು ಕಟ್ಟಲು ಕುರ್ಚಿ ಹುಡುಕುವುದನ್ನು ಜಯನಗರದ ಮದುವೆ ಛತ್ರಗಳಲ್ಲಿ ಕಂಡಿದ್ದೇನೆ. ಇವರು ಸೋಮಾರಿಗಳಲ್ಲ, ಹಗಲಿರುಳು ದುಡಿಯುವವರು.

ಬಲವಂತದಿಂದ ಬಗ್ಗಿಸುವುದರ ಫಲವೇನೆಂಬುದಕ್ಕೆ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರೇ ಸಾಕ್ಷಿ. ತರುಣರಾಗಿದ್ದಾಗ ಗುರುಗಳಾದ ಟಿ. ಕೃಷ್ಣಮಾಚಾರ್ಯರ ಅಪ್ಪಣೆಯಂತೆ, ಅಭ್ಯಾಸವಿಲ್ಲದ ಹನುಮಾನಾಸನವನ್ನು ಮಾಡಹೋಗಿ ಇದೇ ಸ್ನಾಯುಗಳನ್ನು ಹರಿದುಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳ ಆಸರೆಯಿಂದ ಆಸನ ಕಲಿಸುವ ಪದ್ಧತಿಯನ್ನು ಬೆಳೆಸಿದವರೂ ಅವರೇ. ಅಂಥವರ ನಾಡಿನಲ್ಲಿ ವರ್ಷಕ್ಕೊಮ್ಮೆ ಗುಂಪಿನಲ್ಲಿ ನಿಲ್ಲಿಸಿ ‘ಇನ್ನೂ ಬಗ್ಗಿ’ ಎಂದು ಕೂಗುವುದು ಯೋಗಕ್ಕೆ ಮಾಡುವ ಅಪಚಾರ. ಅಷ್ಟಕ್ಕೂ ಬೆರಳು ಮುಟ್ಟುವುದು ಈ ಸ್ನಾಯುಗಳೊಂದರ ಕೆಲಸವಲ್ಲ. ಬೆನ್ನಿನ ಬಾಗುವಿಕೆ, ಕೈಕಾಲುಗಳ ಅಳತೆಗಳಿಗೂ ಅದರಲ್ಲಿ ಪಾಲಿದೆ.

‘ಮೈಗಳ್ಳರಿಗೆ ನೆಪ ಒದಗಿಸುತ್ತಿದ್ದೀರಿ ಮೇಷ್ಟ್ರೇ’ ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಬೇಕಾದದ್ದು ಬಹಳ ಸ್ವಲ್ಪ, ಆದರೆ ಬಹುತೇಕ ದಿನವೂ ಬೇಕು. ಅಂಗಾತ ಮಲಗಿ, ಪಾದಕ್ಕೆ ಟವೆಲ್ ಸುತ್ತಿ, ಒಂದು ಕಾಲನ್ನು ಮೇಲೆತ್ತಿ, ಹಿತವಾದ ಎಳೆತ ತಿಳಿದೊಡನೆ 30 ಸೆಕೆಂಡು ಹಾಗೆಯೇ ಹಿಡಿಯಬೇಕು. ಬಳಿಕ ಇನ್ನೊಂದು ಕಾಲು. 1990ರ ದಶಕದಲ್ಲಿ ಅಮೆರಿಕದಲ್ಲಿ ವಾರಕ್ಕೆ ಐದು ದಿನದಂತೆ ಆರು ವಾರ ನಡೆಸಿದ ಅಧ್ಯಯನಗಳಲ್ಲಿ, 30 ಸೆಕೆಂಡು ಹಿಡಿದವರಿಗಿಂತ 60 ಸೆಕೆಂಡು ಹಿಡಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಕಾಲಿನುದ್ದಕ್ಕೂ ಜೋಮು ಹಿಡಿದರೆ, ಮಿಂಚು ಹರಿದಂತೆ ನೋವಾದರೆ ಅದು ನರದ ತೊಂದರೆಯಿರಬಹುದು. ಎಳೆಯುವುದನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಇಷ್ಟನ್ನು ಉದ್ಯೋಗಿ ಮನೆಯಲ್ಲಿ ಮಾಡಿಯಾನು. ಆದರೆ ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ ಬರುವ ಸ್ವಾತಂತ್ರ್ಯವನ್ನು, ಎದ್ದವನನ್ನು ದುರುಗುಟ್ಟಿ ನೋಡದ ಸೌಜನ್ಯವನ್ನು ಕಛೇರಿಯೇ ಕೊಡಬೇಕು. ಟೀ ಶರ್ಟಿಗೆ ಹಣವಿರುವ ಸಂಸ್ಥೆಗೆ ಇದೇನೂ ದುಬಾರಿಯಲ್ಲ. ನಮ್ಮ ಸಾಧಾರಣ ಶಾಲೆಗಳೂ ಒಂದು ಪೀರಿಯಡ್ಡಿಗೂ ಇನ್ನೊಂದಕ್ಕೂ ನಡುವೆ ಗಂಟೆ ಬಾರಿಸಿ ಮಕ್ಕಳನ್ನು ಎದ್ದು ನಿಲ್ಲಿಸುತ್ತಿದ್ದವು.