ಎಚ್‌ಐವಿ ಮಾತ್ರೆ ಊರಿನ ಆಸ್ಪತ್ರೆಯಲ್ಲೇ ಸಿಗಬೇಕೇ?

2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಸೋಂಕಿತರಿಗೆ ವೈರಸ್ ಹತ್ತಿಕ್ಕುವ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡುವ ಕೆಲಸ ಶುರುವಾಯಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಿಗೆ ಆಗ ಆದ್ಯತೆ. ಅದರಲ್ಲಿ ಕರ್ನಾಟಕವೂ ಒಂದು. ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದ ಮೇಲೆಯೇ ಸಾಮಾನ್ಯವಾಗಿ ಮಾತ್ರೆ ಸಿಗುತ್ತಿದ್ದ ಕಾಲವದು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಇದೆ. ಆದರೆ ಎಆರ್‌ಟಿ ಕೇಂದ್ರಗಳು ಹೆಚ್ಚಾಗಿ ಇರುವುದು ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜುಗಳಲ್ಲಿ; ಕೆಲವು ತಾಲ್ಲೂಕುಗಳಲ್ಲಿ ಅವುಗಳಿಗೆ ಜೋಡಿಸಿದ ಲಿಂಕ್ ಎಆರ್‌ಟಿ ಕೇಂದ್ರಗಳುಂಟು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ಮಾತ್ರೆ ಕೊಡಬೇಕೇ?

ಪರ

ಕೊಡಬೇಕು ಎನ್ನುವವರು ಮೊದಲು ಮುಂದಿಡುವುದು ಕೂಲಿಯ ಲೆಕ್ಕ. ಮಾತ್ರೆಗೆ ದುಡ್ಡಿಲ್ಲ, ನಿಜ. ಅದನ್ನು ತರಲು ಹೋದ ದಿನ ಕೂಲಿಯೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿದಿದೆ, ದಿನ ಉಳಿದಿಲ್ಲ. ಸುಗ್ಗಿಯ ಹೊತ್ತಿನಲ್ಲಿ ಒಂದು ಸಲ ಹೋಗಲಾಗದಿದ್ದರೆ ಮಾತ್ರೆ ನಿಲ್ಲುತ್ತದೆ. ಹೀಗೆ ಆಗಾಗ ನಿಂತರೆ ವೈರಸ್ ಆ ಔಷಧಕ್ಕೆ ಬಗ್ಗದಂತಾಗುತ್ತದೆ.

ಇವರ ದೊಡ್ಡ ಬಲ ದಕ್ಷಿಣ ಆಫ್ರಿಕಾ. ವೈದ್ಯರ ಕೊರತೆಯಿದ್ದ ಆ ದೇಶ 2010ರಿಂದ ತರಬೇತಿ ಪಡೆದ ನರ್ಸ್‌ಗಳ ಕೈಗೇ ಎಆರ್‌ಟಿ ಶುರುಮಾಡುವ ಹೊಣೆ ಕೊಟ್ಟು, ಚಿಕಿತ್ಸೆಯನ್ನು ಸ್ಥಳೀಯ ಕ್ಲಿನಿಕ್‌ಗಳಿಗೆ ಒಯ್ದಿತು. ನರ್ಸ್‌ಗಳ ಆರೈಕೆ ವೈದ್ಯರದಕ್ಕಿಂತ ಕಳಪೆಯಲ್ಲ ಎಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ಇವತ್ತು ಜಗತ್ತಿನ ಅತಿ ದೊಡ್ಡ ಎಚ್‌ಐವಿ ಚಿಕಿತ್ಸಾ ಕಾರ್ಯಕ್ರಮ ಅಲ್ಲಿಯದೇ. ಔಷಧವೂ ಈಗ ಸರಳ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. 2020ರ ಲಾಕ್‌ಡೌನ್‌ನಲ್ಲಿ ಹಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟದ್ದೂ, ಮನೆಯ ಹತ್ತಿರಕ್ಕೆ ಮುಟ್ಟಿಸಿದ್ದೂ ನಮ್ಮ ವ್ಯವಸ್ಥೆಯೇ.

ವಿರೋಧ

ಬೇಡ ಎನ್ನುವವರಲ್ಲಿ ಸೋಂಕಿತರೇ ಇದ್ದಾರೆ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಊರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಯಾರು, ಯಾಕೆ ಬಂದರು ಎಂಬುದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಆಶಾ ಕಾರ್ಯಕರ್ತೆ ಅದೇ ಊರಿನವರು. ಔಷಧ ಕೊಡುವವರು ಬೀಗರ ಪೈಕಿಯೇ ಆಗಿರಬಹುದು. ಹಾಗಾಗಿ ತಮ್ಮ ಜಿಲ್ಲೆಯ ಕೇಂದ್ರವನ್ನು ಬಿಟ್ಟು ಪಕ್ಕದ ಜಿಲ್ಲೆಯಲ್ಲಿ ಹೆಸರು ಬರೆಸುವವರಿದ್ದಾರೆ. ಅವರಿಗೆ ದೂರವೇ ರಕ್ಷಣೆ. ಗಂಡ ಸತ್ತ ಮೇಲೆ ಅತ್ತೆಮನೆಯಲ್ಲಿ ಉಳಿದ ಹೆಣ್ಣುಮಗಳಿಗೆ ಗುಟ್ಟು ರಟ್ಟಾದರೆ ಸೂರೇ ಹೋಗಬಹುದು. ಎಆರ್‌ಟಿ ಕೇಂದ್ರದಲ್ಲಿ ಆಕೆಯ ಮಾತು ಕೇಳಲು ಒಬ್ಬ ಆಪ್ತಸಮಾಲೋಚಕಿಯಾದರೂ ಇರುತ್ತಾರೆ.

ದಾಸ್ತಾನಿನ ಪ್ರಶ್ನೆಯೂ ಇದೆ. 2022ರಲ್ಲಿ ಔಷಧ ಸಿಗುತ್ತಿಲ್ಲವೆಂದು ಸೋಂಕಿತರು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಕಚೇರಿಯಲ್ಲಿ ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತರು. ಕೊರತೆ ಇಲ್ಲವೆಂದು ಸರ್ಕಾರ ಹೇಳಿತು. ನೂರಾರು ಕೇಂದ್ರಗಳಿಗೇ ಹೀಗಾದರೆ ಸಾವಿರಾರು ಆಸ್ಪತ್ರೆಗಳಿಗೆ ಹಂಚುವಾಗ ಏನಾದೀತು?

ಎರಡೂ ಕಡೆ ಸತ್ಯವಿದೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ರಕ್ತದಲ್ಲಿನ ವೈರಸ್ ಪ್ರಮಾಣ (ವೈರಲ್ ಲೋಡ್) ಹತೋಟಿಗೆ ಬಂದವರಿಗೆ ಊರಿನಲ್ಲೇ ಮಾತ್ರೆ ಪಡೆಯುವ ಹಕ್ಕು ಬೇಕು. ದೂರವೇ ಇರಲಿ ಎನ್ನುವವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ವರ್ಗಾಯಿಸಬಾರದು. ಸೋಂಕಿನ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆಂದು 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಆದರೆ ಅದೇ ಕಾಯ್ದೆಯ 14ನೇ ಸೆಕ್ಷನ್ ಎಆರ್‌ಟಿಯನ್ನು ‘ಸಾಧ್ಯವಾದಮಟ್ಟಿಗೆ’ ಒದಗಿಸಿದರೆ ಸಾಕೆನ್ನುತ್ತದೆ. ಸಂಸತ್ತು ಮೊದಲು ಆ ಪದವನ್ನು ತೆಗೆದುಹಾಕಲಿ.