ಸೂಜಿಯ ತಪ್ಪಿಗೆ ಯಾರು ಹೊಣೆ?

ಲಸಿಕೆಯು ಮನುಕುಲವನ್ನು ಕಾಯುವ ಸಾಧನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಹಾಕಿಸಿಕೊಂಡವನೊಬ್ಬನ ತೋಳು ತಿಂಗಳುಗಟ್ಟಲೆ ಮೇಲೇಳದೆ ಹೋದರೆ, ಆ ನಷ್ಟವನ್ನು ತುಂಬಿಕೊಡಬೇಕಾದವರು ಯಾರು? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನವು ಕೊಟ್ಟಿರುವ ಉತ್ತರವು ವಿಚಾರಾರ್ಹವಾದುದು.

ಮೊದಲು ಕಾರಣವನ್ನು ನೋಡೋಣ. ಭುಜದ ಡೆಲ್ಟಾಯ್ಡ್ ಸ್ನಾಯುವಿನ ಅಡಿಯಲ್ಲಿ, ಕೀಲಿನ ಬಳಿ, ತೆಳುವಾದ ರಸಚೀಲವೊಂದುಂಟು. ಯಂತ್ರದ ಭಾಗಗಳ ನಡುವೆ ಎಣ್ಣೆಯು ಮಾಡುವ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ. ಹೆಗಲ ತುದಿಯ ಮೂಳೆಯಿಂದ ಎರಡು ಮೂರು ಬೆರಳಷ್ಟು ಕೆಳಗೆ ಚುಚ್ಚಬೇಕಾದ ಸೂಜಿಯನ್ನು ತೀರ ಮೇಲೆ ಚುಚ್ಚಿದರೆ ಮದ್ದು ಈ ಚೀಲವನ್ನು ಸೇರಬಹುದು. ಆಗ ಶರೀರದ ರಕ್ಷಣಾಶಕ್ತಿಯು ಅಲ್ಲಿಯೇ ಕೆರಳಿ ಉರಿಯೂತವುಂಟಾಗುತ್ತದೆ. ಚುಚ್ಚುಮದ್ದಿನ ಸಾಮಾನ್ಯ ನೋವು ಕೆಲವು ದಿನಗಳಲ್ಲಿ ಶಮನವಾಗುವುದು; ಇದು ಹಾಗಲ್ಲ.

1986ರ ಕಾನೂನಿನಂತೆ ಅಲ್ಲಿ 1988ರಲ್ಲಿ ಪರಿಹಾರ ಯೋಜನೆಯೊಂದು ಆರಂಭವಾಯಿತು. ಲಸಿಕೆಯ ಪ್ರತಿಯೊಂದು ಪ್ರಮಾಣದ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೂ 75 ಸೆಂಟಿನಂತೆ ವಿಧಿಸಿದ ತೆರಿಗೆಯೇ ಇದರ ನಿಧಿ. ಅರ್ಜಿದಾರನು ಯಾರ ತಪ್ಪನ್ನೂ ರುಜುವಾತುಪಡಿಸಬೇಕಾಗಿಲ್ಲ. 2017ರಲ್ಲಿ ಭುಜದ ಬೇನೆಯೂ ಇದರ ಪಟ್ಟಿಗೆ ಸೇರಿತು. ನೋವು 48 ಗಂಟೆಗಳೊಳಗೆ ತೊಡಗಿರಬೇಕು. ಚುಚ್ಚಿದ ಭುಜಕ್ಕೇ ಸೀಮಿತವಾಗಿರಬೇಕು. ಅದಕ್ಕೆ ಕಾರಣವಾಗಬಹುದಾದ ಹಳೆಯ ಬೇನೆ ಇದ್ದಿರಬಾರದು. ಸಾಮಾನ್ಯವಾಗಿ 6 ತಿಂಗಳಿಗಿಂತ ಹೆಚ್ಚು ಕಾಲ ಬಾಧೆ ಉಳಿದಿರಬೇಕು. ಮೊದಲ ಲಕ್ಷಣ ಕಂಡ 3 ವರ್ಷಗಳೊಳಗೆ ಅರ್ಜಿ ಸಲ್ಲಬೇಕು.

ಈ ನಿಯಮಗಳಲ್ಲಿ ವಿಜ್ಞಾನದ ವಿವೇಕವಿದೆ. ಒಂದರ ಅನಂತರ ನಡೆದುದೆಲ್ಲವೂ ಅದರಿಂದಲೇ ನಡೆದುದಲ್ಲ. ಆದುದರಿಂದ ಕಾಲ, ಸ್ಥಾನ, ಪೂರ್ವಸ್ಥಿತಿ ಇವನ್ನು ಪರೀಕ್ಷಿಸಿದ ಮೇಲೆಯೇ ಕಾರಣವನ್ನು ಒಪ್ಪಬೇಕು.

ತಪ್ಪು ಚುಚ್ಚಿದ ಕೈಯದು, ಲಸಿಕೆಯದಲ್ಲ. ಆದುದರಿಂದ ಭುಜದ ಬೇನೆಯನ್ನು ಪಟ್ಟಿಯಿಂದ ತೆಗೆಯಬೇಕೆಂಬ ವಾದವೂ ಎದ್ದಿತು. 2021ರ ಜನವರಿಯಲ್ಲಿ ಸರ್ಕಾರ ಹಾಗೆಂದು ನಿಯಮವನ್ನೂ ಪ್ರಕಟಿಸಿತು. ಜಾರಿಗೆ ಬರುವ ಮೊದಲೇ, ಏಪ್ರಿಲ್‌ನಲ್ಲಿ, ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡುದೇ ನ್ಯಾಯವೆಂದು ನನ್ನ ಮತ. ತನ್ನ ಹಿತಕ್ಕಾಗಿಯೂ ನೆರೆಯವರ ಹಿತಕ್ಕಾಗಿಯೂ ತೋಳೊಡ್ಡಿದವನಿಗೆ, ತಪ್ಪು ಮದ್ದಿನದೋ ಕೈಯದೋ ಎಂಬ ಜಿಜ್ಞಾಸೆಯಿಂದ ನೋವು ತಗ್ಗದು.

ಹಾನಿಯನ್ನು ಒಪ್ಪಿಕೊಂಡರೆ ಜನರು ಲಸಿಕೆಗೆ ಅಂಜುವರೆಂದು ಕೆಲವರು ಹೇಳಬಹುದು. ಆದರೆ ಬಚ್ಚಿಟ್ಟ ಹಾನಿಯೇ ವದಂತಿಯಾಗಿ ಬೆಳೆಯುವುದು. ಪ್ರಯೋಗಶಾಲೆಯಲ್ಲಿ ಉಪಕರಣದ ದೋಷವನ್ನು ಬರೆದಿಡದ ವಿದ್ಯಾರ್ಥಿಯ ಫಲಿತಾಂಶವನ್ನು ನಾವು ನಂಬುವುದಿಲ್ಲ. ದೋಷವನ್ನು ಅಳೆದು ಬರೆದವನ ಫಲಿತಾಂಶಕ್ಕೇ ಬೆಲೆ. ಸಮಾಜವು ಕೈಗೊಳ್ಳುವ ಕಾರ್ಯಗಳಿಗೂ ಇದೇ ನಿಯಮ ಸಲ್ಲುವುದು.