ಪರದೆ ಸುಟ್ಟಿದ್ದು ಚಾರ್ಜರ್ ಅಲ್ಲ, ಕನ್ನಡಿ!

ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಬೆಳಗ್ಗೆ ಒಂಬತ್ತೂವರೆ. ಹೆಡ್‌ಫೋನ್ ಹಾಕ್ಕೊಂಡು ಹಾಲ್‌ನಲ್ಲಿ ಆಫೀಸ್ ಮೀಟಿಂಗಲ್ಲಿ ಮುಳುಗಿದ್ದೆ. ಊರಿಂದ ಬಂದಿದ್ದ ಅಮ್ಮ ಭುಜ ತಟ್ಟಿ, "ಏನೋ ಸುಟ್ಟ ವಾಸನೆ ಬರ್ತಿದೆ ಕಣೇ, ಎದ್ದು ನೋಡು" ಅಂದ್ರು.

ನನಗೆ ಮೊದಲು ಅನುಮಾನ ಬಂದಿದ್ದು ಲ್ಯಾಪ್‌ಟಾಪ್ ಚಾರ್ಜರ್ ಮೇಲೆ. ಅದು ತಣ್ಣಗಿತ್ತು. ಅಡುಗೆಮನೆಯಲ್ಲಿ ಒಲೆ ಆರಿತ್ತು. ಬೆಡ್‌ರೂಮಿಗೆ ಹೋದ್ರೆ, ಕಿಟಕಿ ಪಕ್ಕ ಒಟ್ಟು ಮಾಡಿದ್ದ ಪರದೆಯಿಂದ ಸಣ್ಣಗೆ ಹೊಗೆ ಏಳ್ತಿತ್ತು! ಅಮ್ಮ ಚೊಂಬಿನ ನೀರು ಎರಚಿದ್ರು. ನೋಡಿದ್ರೆ ಬಟ್ಟೆಯಲ್ಲಿ ಕಡಲೆಕಾಳಿನಷ್ಟು ತೂತು, ಸುತ್ತ ಕಪ್ಪು. ಹತ್ತಿರ ಪ್ಲಗ್ ಇಲ್ಲ, ವೈರ್ ಇಲ್ಲ, ಊದುಬತ್ತಿಯೂ ಇಲ್ಲ.

ಇದ್ದಿದ್ದು ಒಂದೇ. ಮೇಜಿನ ಮೇಲೆ ನನ್ನ ಮೇಕಪ್ ಕನ್ನಡಿ, ಮುಖವನ್ನ ದೊಡ್ಡದಾಗಿ ತೋರಿಸುತ್ತಲ್ಲ, ಅಂಥದ್ದು. ಅದರ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಕೈ ಅಡ್ಡ ಇಟ್ಟೆ, ಪರದೆ ಮೇಲಿದ್ದ ಬೆಳಕಿನ ಚುಕ್ಕಿ ಮಾಯ. "ಕನ್ನಡಿಯಿಂದ ಬೆಂಕಿ ಹತ್ತತ್ತಾ?" ಅಂತ ಅಮ್ಮ ಕಣ್ಣರಳಿಸಿದ್ರು. ಹತ್ತತ್ತೆ. ಹತ್ತನೇ ಕ್ಲಾಸಲ್ಲಿ ನಾವೆಲ್ಲ ಓದಿ, ಚಿತ್ರ ಬರೆದು, ಮಾರ್ಕ್ಸ್ ತಗೊಂಡು ಮರೆತ ಪಾಠವೇ ಇದು: ನಿಮ್ನ ದರ್ಪಣ.

ಮೇಕಪ್ ಕನ್ನಡಿ, ಶೇವಿಂಗ್ ಕನ್ನಡಿ ಎರಡೂ ಒಳಕ್ಕೆ ಬಾಗಿರತ್ತೆ. ಎಷ್ಟು ಸ್ವಲ್ಪ ಅಂದ್ರೆ, ಬರಿಗಣ್ಣಿಗೆ ಚಪ್ಪಟೆ ಅನ್ಸತ್ತೆ. ಒಗ್ಗರಣೆ ಬಾಣಲೆಯ ಒಳಗೆಲ್ಲ ಸಣ್ಣ ಸಣ್ಣ ಕನ್ನಡಿ ಚೂರು ಅಂಟಿಸಿದ್ದೀರಿ ಅಂದ್ಕೊಳ್ಳಿ. ಪ್ರತಿ ಚೂರಿಗೂ ಒಂದೇ ನಿಯಮ, ಬೆಳಕು ಯಾವ ಕೋನದಲ್ಲಿ ಬಂತೋ ಅದೇ ಕೋನದಲ್ಲಿ ವಾಪಸ್. ಆದ್ರೆ ಅಂಚಿನ ಚೂರುಗಳೆಲ್ಲ ಮಧ್ಯದ ಕಡೆಗೆ ವಾಲಿರೋದ್ರಿಂದ, ಅವು ವಾಪಸ್ ಕಳಿಸೋ ಬೆಳಕೂ ಮಧ್ಯದ ಕಡೆಗೇ ಹೋಗತ್ತೆ. ಸೂರ್ಯ ಬಹಳ ದೂರ ಇರೋದ್ರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರ್ತವೆ. ಎಲ್ಲವೂ ಬಂದು ಸೇರೋ ಜಾಗವೇ ಸಂಗಮ. ಕನ್ನಡಿಯಿಂದ ಅಲ್ಲಿಗಿರೋ ಅಂತರ ಸಂಗಮ ದೂರ.

ಅವತ್ತು ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ಅಮ್ಮನೂ ನಾನೂ ಅದನ್ನ ಅಳೆದೆವು. ಕನ್ನಡಿಯನ್ನ ದೂರದ ಅಪಾರ್ಟ್‌ಮೆಂಟ್ ಕಡೆ ತಿರುಗಿಸಿ, ಎದುರಿಗೆ ಬಿಳಿ ಹಾಳೆ ಹಿಡಿದು ಹಿಂದೆ ಮುಂದೆ ಸರಿಸಿದ್ರೆ, ಒಂದು ಕಡೆ ಆ ಬಿಲ್ಡಿಂಗ್ ಪುಟ್ಟದಾಗಿ, ತಲೆಕೆಳಗಾಗಿ ಹಾಳೆ ಮೇಲೆ ಮೂಡ್ತು! ಟೇಪ್ ಹಿಡಿದ್ರೆ 40 ಸೆಂ.ಮೀ. ಬೆಳಗ್ಗೆ ಕನ್ನಡಿ ಇದ್ದ ಜಾಗದಿಂದ ಪರದೆಯ ತೂತಿಗೆ 42. (ನೀವೂ ಮಾಡಿ ನೋಡಿ, ಆದ್ರೆ ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ.)

ಇನ್ನೊಂದು ಲೆಕ್ಕ. ಕನ್ನಡಿಯ ಅಗಲ 15 ಸೆಂ.ಮೀ. ಅದರ ಮೇಲೆ ಬಿದ್ದ ಬಿಸಿಲು ಸಂಗಮದಲ್ಲಿ ಸುಮಾರು 4 ಮಿ.ಮೀ. ಚುಕ್ಕಿಗೆ ಇಳಿಯತ್ತೆ. ವಿಸ್ತೀರ್ಣ ಸಾವಿರ ಪಟ್ಟಿಗೂ ಹೆಚ್ಚು ಕುಗ್ಗಿತು. ಕನ್ನಡಿ ಅಗ್ಗದ್ದು, ಬಿಸಿಲು ಓರೆ ಅಂತ ಅದರಲ್ಲಿ ಎಷ್ಟೋ ಕಳೆದ್ರೂ ಬಟ್ಟೆ ಸುಡೋಕೆ ಸಾಕು. ಕನ್ನಡಿ ಹೊಸದಾಗಿ ಒಂದು ಕಿರಣವನ್ನೂ ಹುಟ್ಟಿಸಿಲ್ಲ, ಇದ್ದಿದ್ದನ್ನೇ ಒಂದು ಕಡೆ ಸೇರಿಸಿತು, ಅಷ್ಟೇ.

ಅದೇ ಕನ್ನಡಿ ಮುಖವನ್ನ ಯಾಕೆ ದೊಡ್ಡದಾಗಿ ತೋರಿಸತ್ತೆ? ನಾವು ಸಂಗಮಕ್ಕಿಂತ ಹತ್ತಿರ ನಿಲ್ತೀವಿ, ಅದಕ್ಕೆ. ನನ್ನ ಕನ್ನಡಿಗೆ 20 ಸೆಂ.ಮೀ. ಹತ್ತಿರ ಹೋದ್ರೆ ಮುಖ ನೇರವಾಗಿ, ಎರಡು ಪಟ್ಟು ದೊಡ್ಡದಾಗಿ ಕಾಣತ್ತೆ. ದೂರ ಸರೀತಾ ಹೋದ್ರೆ ಕಲಸಿಹೋಗಿ, ಆಮೇಲೆ ತಲೆಕೆಳಗಾಗತ್ತೆ. ಚಮಚದ ಒಳಬದಿಯಲ್ಲಿ ಮುಖ ನೋಡ್ಕೊಂಡ್ರೆ ತಲೆಕೆಳಗಾಗಿ ಕಾಣೋದೂ ಇದಕ್ಕೇ.

"ಜುಲೈನಿಂದ ಅಲ್ಲೇ ಇತ್ತಲ್ಲೇ, ಆಗ ಯಾಕೆ ಸುಡಲಿಲ್ಲ?" ಅಂದ್ರು ಅಮ್ಮ. ಒಳ್ಳೇ ಪ್ರಶ್ನೆ. ಆ ಕಿಟಕಿ ದಕ್ಷಿಣಕ್ಕಿದೆ. ಜುಲೈನಲ್ಲಿ ಬೆಂಗಳೂರಿನ ಸೂರ್ಯ ಉತ್ತರಕ್ಕೆ ವಾಲಿರ್ತಾನೆ, ಈ ಕಿಟಕಿಯಿಂದ ಬಿಸಿಲು ಒಳಗೆ ಬರಲ್ಲ. ಡಿಸೆಂಬರ್ 21-22ರ ಹೊತ್ತಿಗೆ ದಕ್ಷಿಣದ ತುದಿ ಮುಟ್ಟಿರ್ತಾನೆ. ಆ ದಿನಗಳಲ್ಲಿ ಬೆಳಗಿನ ಬಿಸಿಲು ಓರೆಯಾಗಿ ಒಳಗಿನ ಮೇಜಿನ ತನಕ ಚಾಚತ್ತೆ. ಕನ್ನಡಿ ಕದಲಿರಲಿಲ್ಲ, ಸೂರ್ಯ ಬಂದಿದ್ದ.

ಎಡವಿದ್ದು ನಾನೊಬ್ಬಳೇ ಅಲ್ಲ ಅನ್ನೋದು ಸಮಾಧಾನ. ಲಂಡನ್ನಿನ 20, ಫೆನ್‌ಚರ್ಚ್ ಸ್ಟ್ರೀಟ್‌ನಲ್ಲಿ 'ವಾಕಿಟಾಕಿ' ಅಂತ ಜನ ಕರೆಯೋ ಗಾಜಿನ ಕಟ್ಟಡ ಇದೆ. ಅದರ ದಕ್ಷಿಣದ ಮೈ ಒಳಕ್ಕೆ ಬಾಗಿದೆ. 2013ರಲ್ಲಿ ಅದು ಪ್ರತಿಫಲಿಸಿದ ಬಿಸಿಲಿಗೆ ಬೀದಿಯಲ್ಲಿ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳು ಕರಗಿದ್ವು. ವರದಿಗಾರನೊಬ್ಬ ಅಲ್ಲೇ ಬಾಣಲೆ ಇಟ್ಟು ಮೊಟ್ಟೆ ಕರಿದು ತೋರಿಸಿದ. ಆಮೇಲೆ ಕಟ್ಟಡಕ್ಕೆ ಬಿಸಿಲುತಡೆ ಹಾಕಿದ್ರು.

ಹಾಗಂತ ಇದನ್ನ ಬೈಕೊಳ್ಳೋ ಹಾಗೂ ಇಲ್ಲ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಬೋಗುಣಿಯಂಥ ಆಂಟೆನಾ ಇದೆ. ಚಂದ್ರ, ಮಂಗಳದ ಕಡೆ ಹೋದ ನೌಕೆಗಳಿಂದ ಬರೋ ಕ್ಷೀಣ ರೇಡಿಯೊ ಅಲೆಗಳನ್ನ ಅದು ಒಟ್ಟುಗೂಡಿಸೋದೂ ಇದೇ ತತ್ವದ ಮೇಲೆ. ಜೇಮ್ಸ್ ವೆಬ್ ದೂರದರ್ಶಕದ 6.5 ಮೀಟರ್ ಕನ್ನಡಿಯಲ್ಲಿ 18 ತುಂಡುಗಳಿವೆ, ಎಲ್ಲವೂ ಸೇರಿ ಮಾಡೋದು ನನ್ನ ಮೇಕಪ್ ಕನ್ನಡಿಯ ಕೆಲಸವನ್ನೇ.

ಈಗ ನಿಮ್ಮ ಮನೆ ಕಡೆ ಬನ್ನಿ. ದೊಡ್ಡದಾಗಿ ತೋರಿಸೋ ಕನ್ನಡಿಯನ್ನ ಕಿಟಕಿ ಹತ್ತಿರ ಇಡ್ಬೇಡಿ. ಕೆಲಸ ಮುಗಿದ ಮೇಲೆ ಮುಚ್ಚಿ, ಇಲ್ಲಾ ಬೋರಲು ಹಾಕಿ. ಎರಡು ಮುಖದ ಕನ್ನಡಿ ಆದ್ರೆ ಚಪ್ಪಟೆ ಮುಖವನ್ನ ಬೆಳಕಿನ ಕಡೆ ತಿರುಗಿಸಿ. ಇವತ್ತು ಬಿಸಿಲು ಬೀಳದ ಜಾಗಕ್ಕೆ ಆರು ತಿಂಗಳಾದ ಮೇಲೆ ಬೀಳಬಹುದು. ಅವತ್ತು ನಾನು ಮನೆಯಿಂದ ಕೆಲಸ ಮಾಡ್ತಿದ್ದೆ, ಅಮ್ಮ ಇದ್ರು. ಬೀಗ ಹಾಕಿ ಆಫೀಸಿಗೆ ಹೋಗಿದ್ದಿದ್ರೆ?

ಅಮ್ಮ ಊರಿಗೆ ವಾಪಸ್ ಹೋಗಿ ತಿಂಗಳಾಯ್ತು. ದಿನಾ ಬೆಳಗ್ಗೆ ಫೋನ್ ಮಾಡ್ತಾರೆ. ಮೊದಲು ಎರಡಿದ್ದ ಪ್ರಶ್ನೆ ಈಗ ಮೂರಾಗಿದೆ: "ತಿಂಡಿ ಆಯ್ತಾ? ಗ್ಯಾಸ್ ಆಫ್ ಮಾಡಿದ್ಯಾ? ಕನ್ನಡಿ ಬೋರಲು ಹಾಕಿದ್ಯಾ?"